ತಿರುಚಿದ ಸೀಳನ್ನು ಬಿಲ್ಲಿನ ಹದಕ್ಕೆ ತರುವುದು

ಬಿಲ್ಲು ಮಾಡಲೆಂದು ದಿಮ್ಮಿಗೆ ಬೆಣೆ ಹೊಡೆದು ಸೀಳಿದಾಗ ಎಷ್ಟೋ ಸಲ ಕೈಗೆ ಬರುವುದು ತಿರುಚಿಕೊಂಡ ತುಂಡು. ಅದರ ಒಂದು ತುದಿಯನ್ನು ಮೇಜಿನ ಮೇಲೆ ಸಮನಾಗಿ ಕೂರಿಸಿದರೆ ಇನ್ನೊಂದು ತುದಿಯ ಒಂದು ಅಂಚು ಮೇಲೆದ್ದಿರುತ್ತದೆ. ಉದ್ದಕ್ಕೂ ಕಣ್ಣು ಹಾಯಿಸಿದರೆ ಮರ ನಿಧಾನವಾಗಿ ಹೊರಳಿಕೊಂಡು ಹೋಗಿರುವುದು ಕಾಣುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಇಂಥ ಸೀಳನ್ನು ಸೌದೆ ರಾಶಿಗೆ ಎಸೆಯುತ್ತಾರೆ. ಇಲ್ಲವೇ ಗರಗಸ, ತೋಪಡ ಹಿಡಿದು ಮೇಲೆದ್ದ ಮೂಲೆಗಳನ್ನು ಕೆತ್ತಿ ನೇರ ಮಾಡಲು ಹೊರಡುತ್ತಾರೆ. ಎರಡೂ ತಪ್ಪು, ಎರಡನೆಯದಂತೂ ಬಿಲ್ಲನ್ನು ಕೈಯಾರೆ ಮುರಿದಂತೆ. ತಿರುಚನ್ನು ತೆಗೆಯಬೇಕಾದದ್ದು ಬಿಸಿಯಿಂದ. ಅದೂ ತೆಗೆಯಲೇಬೇಕಾದಷ್ಟು ಇದ್ದರೆ ಮಾತ್ರ.

ಪದರ ಪದರವಾಗಿ ಅಂಟಿಸದೆ ಒಂದೇ ಮರದ ತುಂಡಿನಿಂದ ಮಾಡುವ ಬಿಲ್ಲಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಮರ. ಇಂಗ್ಲೆಂಡಿನ ಉದ್ದ ಬಿಲ್ಲಿಗೆ ಯೂ ಮರ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಯುದ್ಧನೌಕೆಯಲ್ಲಿ ಸಿಕ್ಕ 170ಕ್ಕೂ ಹೆಚ್ಚು ಬಿಲ್ಲುಗಳು ಈ ಮರದವು. ಡೆನ್ಮಾರ್ಕಿನ ಹೋಲ್ಮೆಗೋರ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಶಿಲಾಯುಗದ ಬಿಲ್ಲುಗಳು ಎಲ್ಮ್ ಮರದವು. ಉತ್ತರ ಅಮೆರಿಕದ ನಡುಭಾಗದಲ್ಲಿ ಬಿಲ್ಲಿನ ಮರವೆಂದರೆ ಒಸೇಜ್ ಆರೆಂಜ್. ತಿರುಚಿನ ಮಾತು ಹೆಚ್ಚಾಗಿ ಬರುವುದು ಈ ಮರದ ವಿಷಯದಲ್ಲೇ ಆದ್ದರಿಂದ ಇಲ್ಲಿ ಅದನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ.

ಒಸೇಜ್ ಹೆಸರಿನಲ್ಲಿ ಕಿತ್ತಳೆ ಇದ್ದರೂ ಅದು ಕಿತ್ತಳೆಯ ಬಳಗದ ಮರವಲ್ಲ. ನಮ್ಮ ಹಲಸು, ಹಿಪ್ಪುನೇರಳೆ, ಅತ್ತಿ, ಆಲಗಳ ಕುಟುಂಬಕ್ಕೆ ಸೇರಿದ್ದು. ಕಾಯಿ ಹಸಿರು, ಮೈಯೆಲ್ಲ ಉಬ್ಬುತಗ್ಗು, ಗೀರಿದರೆ ಬಿಳಿ ಹಾಲು. ಒಳಗಿನ ಕೆಚ್ಚು ಹೊಸದರಲ್ಲಿ ಹಲಸಿನ ಕೆಚ್ಚಿನ ಹಾಗೆಯೇ ಅಚ್ಚ ಹಳದಿ. ಬಿಸಿಲು ಕಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಟೆಕ್ಸಸ್, ಒಕ್ಲಹೋಮ, ಅರ್ಕನ್ಸಾ ರಾಜ್ಯಗಳಲ್ಲಿ ಹರಿಯುವ ರೆಡ್ ನದಿಯ ಆಸುಪಾಸು ಇದರ ತವರು. ಒಸೇಜ್, ಕಮಾಂಚಿ ಮೊದಲಾದ ಮೂಲನಿವಾಸಿಗಳು ಬಿಲ್ಲಿಗಾಗಿ ಬಯಸುತ್ತಿದ್ದ ಮರ ಇದು. ಆಮೇಲೆ ಬಂದ ಬಿಳಿಯ ರೈತರು ಇದರ ಮುಳ್ಳನ್ನು ನೋಡಿ ಹೊಲದ ಸುತ್ತ ಬೇಲಿಯಾಗಿ ನೆಟ್ಟರು. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಹಕ್ಕುಪತ್ರ ಪಡೆದ ಮೇಲೆ ಹಸಿರು ಬೇಲಿಯ ಕಾಲ ಮುಗಿಯಿತು, ಮರಗಳು ಉಳಿದುಕೊಂಡವು. ಬಿಲ್ಲು ಮಾಡುವವರು ಇಂದು ಕಡಿಯುವ ಒಸೇಜ್‌ನಲ್ಲಿ ಬಹುಪಾಲು ಈ ಹಳೆಯ ಬೇಲಿ ಸಾಲುಗಳದ್ದೇ. ಒತ್ತಾದ ಕಾಡಿನಲ್ಲಿ ಬೆಳಕಿಗಾಗಿ ನೆಟ್ಟಗೆ ಮೇಲೇರುವ ಮರದ ಹದ ಬಯಲ ಬೇಲಿಯ ಮರಕ್ಕೆ ಬರುವುದಿಲ್ಲ. ಅದಕ್ಕೆ ಗಂಟು ಹೆಚ್ಚು, ಡೊಂಕು ಹೆಚ್ಚು, ತಿರುಚೂ ಹೆಚ್ಚು.

ತಿರುಚು ಹುಟ್ಟುವುದು ಮರ ಬೆಳೆಯುವಾಗಲೇ. ಅನೇಕ ಮರಗಳಲ್ಲಿ ನಾರು ಬೇರಿನಿಂದ ನೆತ್ತಿಗೆ ನೇರ ಗೆರೆಯಲ್ಲಿ ಹೋಗದೆ ಕಾಂಡವನ್ನು ಸುತ್ತಿಕೊಂಡು ಏರುತ್ತದೆ. ಇದನ್ನು ಮರ ಕಡಿಯುವ ಮುಂಚೆಯೇ ಪತ್ತೆ ಮಾಡಬಹುದು. ತೊಗಟೆಯ ಬಿರುಕುಗಳು ನೆಟ್ಟಗೆ ಮೇಲೆ ಹೋಗಿವೆಯೇ, ಓರೆಯಾಗಿ ಸುತ್ತಿಕೊಂಡು ಹೋಗಿವೆಯೇ ನೋಡಿ. ಸಾಮಾನ್ಯವಾಗಿ ತೊಗಟೆ ಹೇಗೋ ಒಳಗಿನ ನಾರೂ ಹಾಗೆ. ಕಡಿದ ದಿಮ್ಮಿ ಒಣಗುವಾಗ ಬಿಡುವ ಬಿರುಕೂ ನಾರಿನ ದಾರಿಯನ್ನೇ ಹಿಡಿಯುತ್ತದೆ. ಬೆಣೆ ಹೊಡೆದಾಗ ಸೀಳುವುದೂ ಅದೇ ದಾರಿಯಲ್ಲಿ. ಆದ್ದರಿಂದ ತಿರುಚಿದ ಸೀಳು ಎಂದರೆ ನಾರು ಕಡಿಯದೆ ಉಳಿದಿರುವ ಸೀಳು. ಬಿಲ್ಲಿಗೆ ಬೇಕಾದ ಮುಖ್ಯ ಗುಣ ಅದರಲ್ಲಿ ಆಗಲೇ ಇದೆ.

ಗರಗಸ ಏಕೆ ಬೇಡ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬಾಣ ಹೂಡಿ ಎಳೆದಾಗ ಬಿಲ್ಲಿನ ಗುರಿಯ ಕಡೆಯ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ಎಳೆಯುವವನ ಕಡೆಯ ಮೈ, ಅಂದರೆ ಹೊಟ್ಟೆ, ಕುಗ್ಗುತ್ತದೆ. ಹಿಗ್ಗುವ ಬೆನ್ನಿನಲ್ಲಿ ನಾರು ಒಂದು ತುದಿಯಿಂದ ಇನ್ನೊಂದು ತುದಿಗೆ ಅಖಂಡವಾಗಿದ್ದರೆ ಎಳೆತವನ್ನು ಅದೇ ಹೊರುತ್ತದೆ. ತಿರುಚಿದ ಮರವನ್ನು ನೇರ ಗೆರೆ ಎಳೆದು ಕೊಯ್ದರೆ ಪ್ರತಿಯೊಂದು ನಾರೂ ನಡುದಾರಿಯಲ್ಲಿ ಅಂಚಿಗೆ ಬಂದು ತುಂಡಾಗುತ್ತದೆ. ಅಂಥ ಕಡೆ ಎಳೆತವನ್ನು ತಡೆಯಬೇಕಾದದ್ದು ನಾರು ನಾರನ್ನು ಅಂಟಿಸಿಕೊಂಡಿರುವ ಅಡ್ಡ ಹಿಡಿತ. ಮರದಲ್ಲಿ ಅತ್ಯಂತ ದುರ್ಬಲವಾದದ್ದು ಅದೇ ಹಿಡಿತ. ಮೊದಲು ಬೆನ್ನಿನ ಮೇಲೆ ಒಂದು ಸಿಬಿರು ಏಳುತ್ತದೆ, ಮುಂದಿನ ಎಳೆತಕ್ಕೆ ಬಿಲ್ಲು ಓರೆಯಾಗಿ ಸಿಡಿಯುತ್ತದೆ. ನೋಡಲು ನೇರವಾದ ಬಿಲ್ಲಿಗಿಂತ ನಾರು ನೇರವಾದ ಬಿಲ್ಲು ಬೇಕು. ಮುಂದಿನ ಕೆಲಸವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಎಷ್ಟು ತಿರುಚು ತಡೆದೀತು?

ತಿರುಚಿದ್ದೆಲ್ಲ ಕೆಟ್ಟದ್ದಲ್ಲ. ನೋಡಬೇಕಾದದ್ದು ಹೆದೆ ಎಲ್ಲಿ ಕೂರುತ್ತದೆ ಎಂಬುದನ್ನು. ಬಿಲ್ಲಿನ ತೋಳು ಯಾವಾಗಲೂ ತನ್ನ ತೆಳುವಾದ ದಿಕ್ಕಿಗೇ ಬಾಗುತ್ತದೆ. ಆ ದಿಕ್ಕು ಹಿಡಿಗೆ ಹೋಲಿಸಿದರೆ ಎಡಕ್ಕೆ ವಾಲಿದ್ದರೆ, ಬಾಗಿದಾಗ ತುದಿಯೂ ಎಡಕ್ಕೆ ಸರಿಯುತ್ತದೆ. ಈಗ ಮರ ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ತಿರುಚಿದೆ ಎಂದುಕೊಳ್ಳಿ. ಹಿಡಿಯನ್ನು ನಡುವೆ ಇಟ್ಟರೆ ಮೇಲಿನ ತೋಳು ಎಡಕ್ಕೆ, ಕೆಳಗಿನ ತೋಳು ಅಷ್ಟೇ ಬಲಕ್ಕೆ ವಾಲಿರುತ್ತದೆ. ಹೆದೆ ಏರಿಸಿದಾಗ ಅದು ಹಿಡಿಯನ್ನು ತುಸು ಓರೆಯಾಗಿ ದಾಟುತ್ತದಾದರೂ ದಾಟುವುದು ಹಿಡಿಯ ನಡುವಿನಲ್ಲೇ. ಅಂಥ ಬಿಲ್ಲು ನೋಡಲು ವಿಚಿತ್ರ, ಬಾಣ ಬಿಡಲು ಯಾವ ತೊಂದರೆಯೂ ಇಲ್ಲ. ತೊಡಕಾಗುವುದು ಒಂದೇ ತೋಳಿನಲ್ಲಿ ತಿರುಚು ಇದ್ದಾಗ, ಇಲ್ಲವೇ ತೋಳಿನ ಅರ್ಧದವರೆಗೆ ನೇರವಾಗಿದ್ದು ತುದಿಯಲ್ಲಿ ಒಮ್ಮೆಲೇ ಹೊರಳಿಕೊಂಡಾಗ. ಆಗ ಹೆದೆ ಹಿಡಿಯ ಒಂದು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಎಳೆದಷ್ಟೂ ತೋಳು ಇನ್ನಷ್ಟು ಹೊರಳುತ್ತದೆ. ಕೊನೆಗೆ ಹೆದೆ ಕಚ್ಚಿನಿಂದ ಹಾರಿ ಬರುವ ಅಪಾಯವೂ ಇದೆ.

ಅಳೆಯುವುದಕ್ಕೆ ಯಂತ್ರವೇನೂ ಬೇಡ. 30 ಸೆಂಟಿಮೀಟರ್ ಉದ್ದದ, ಅಂಚು ನೇರವಾಗಿರುವ ಎರಡು ರೀಪುಗಳು ಸಾಕು. ಒಂದನ್ನು ಸೀಳಿನ ಬೆನ್ನಿನ ಮೇಲೆ, ಹಿಡಿ ಬರುವ ಜಾಗದಲ್ಲಿ ಅಡ್ಡ ಇಡಿ. ಇನ್ನೊಂದನ್ನು ತುದಿಯಲ್ಲಿ ಅಡ್ಡ ಇಡಿ. ಆ ತುದಿಯ ಎದುರು ಕೂತು, ಕಣ್ಣನ್ನು ರೀಪಿನ ಮಟ್ಟಕ್ಕೆ ತಂದು ನೋಡಿದರೆ ಒಂದು ರೀಪಿನ ಅಂಚು ಇನ್ನೊಂದರ ಅಂಚಿಗೆ ಸಮವಾಗಿ ಕಾಣಬೇಕು. ಓರೆಯಾಗಿ ಕಂಡರೆ ಅದೇ ತಿರುಚು. ಈ ಉದ್ದದ ರೀಪಿನ ಒಂದು ಕೊನೆ ಇನ್ನೊಂದಕ್ಕಿಂತ 1 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸುಮಾರು 2 ಡಿಗ್ರಿ, 5 ಸೆಂಟಿಮೀಟರ್ ಇದ್ದರೆ ಸುಮಾರು 10 ಡಿಗ್ರಿ. ತುದಿಯ ರೀಪನ್ನು ಅಂಗೈ ಅಗಲದಷ್ಟು ಹಿಡಿಯ ಕಡೆಗೆ ಸರಿಸುತ್ತಾ ಸರಿಸುತ್ತಾ ನೋಡಿ, ಪ್ರತಿ ಜಾಗದ ಓರೆಯನ್ನು ಪೆನ್ಸಿಲಿನಲ್ಲಿ ಮರದ ಮೇಲೇ ಬರೆದುಕೊಳ್ಳಿ. ತಿರುಚು ಒಟ್ಟು ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿ ಕೂಡಿಕೊಂಡಿದೆ ಎಂಬುದೂ ತಿಳಿಯುತ್ತದೆ. ಮುಂದೆ ಬಿಸಿ ಎಲ್ಲಿ ಕೊಡಬೇಕು ಎಂದು ಹೇಳುವುದು ಈ ಪೆನ್ಸಿಲ್ ಗುರುತುಗಳೇ.

ನನ್ನ ಲೆಕ್ಕ ಇಷ್ಟು: ಹಿಡಿಯಿಂದ ತುದಿಗೆ 10 ಡಿಗ್ರಿಯವರೆಗೆ ಇದ್ದರೆ ಅದನ್ನು ಮುಟ್ಟಬೇಡಿ. 20ರವರೆಗೆ ಇದ್ದು ಎರಡು ತೋಳಿನಲ್ಲೂ ಸಮನಾಗಿ ಹಂಚಿಹೋಗಿದ್ದರೆ ಆಗಲೂ ಬಿಟ್ಟುಬಿಡಬಹುದು. ಅದಕ್ಕೂ ಮೀರಿದರೆ, ಅಥವಾ ಒಂದೇ ಕಡೆ ಇದ್ದರೆ ತಿದ್ದಬೇಕು. ಒಂದೇ ತೋಳಿನಲ್ಲಿ 45 ಡಿಗ್ರಿ ಮುಟ್ಟಿದ ಸೀಳನ್ನು ಪಳಗಿದ ಕೈಗಳಿಗೆ ಬಿಡುವುದು ಒಳ್ಳೆಯದು.

ಬಿಸಿ ಮಾಡುವ ಕೆಲಸ

ಮರದಲ್ಲಿ ಉದ್ದುದ್ದ ಸೆಲ್ಯುಲೋಸ್ ಎಳೆಗಳಿರುತ್ತವೆ. ಅವುಗಳ ನಡುವೆ ತುಂಬಿಕೊಂಡು ಅವನ್ನು ಹಿಡಿದು ನಿಲ್ಲಿಸುವುದು ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಲಿಗ್ನಿನ್ ಅರಗಿನ ಹಾಗೆ: ಬಿಸಿಯಾದರೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಬಿಗಿಯುತ್ತದೆ. ಮೆತ್ತಗಾದ ಹೊತ್ತಿನಲ್ಲಿ ಎಳೆಗಳು ಒಂದರ ಪಕ್ಕ ಒಂದು ತುಸು ಜಾರಲು ಆಸ್ಪದ ಸಿಗುತ್ತದೆ. ಆರಿದ ಮೇಲೆ ಅವು ಹೊಸ ಜಾಗದಲ್ಲೇ ನಿಲ್ಲುತ್ತವೆ. ಒಂದು ನಾರನ್ನೂ ಕಡಿಯದೆ ಆಕಾರ ಬದಲಾಗುವುದು ಹೀಗೆ. ನಮ್ಮಲ್ಲಿ ಬಿದಿರು ಕೆಲಸದ ಮೇದರು ಡೊಂಕು ಗಳುವನ್ನು ಬೆಂಕಿಯ ಮೇಲೆ ಆಡಿಸಿ ನೇರ ಮಾಡುವುದೂ ಇದೇ ಗುಣವನ್ನು ನಂಬಿ. ಉತ್ತರ ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನಾಗಿ 1911ರಲ್ಲಿ ಹೊರಲೋಕಕ್ಕೆ ಬಂದ ಇಶಿ ಬಿಲ್ಲಿನ ತುದಿಗಳನ್ನು ಕಾಯಿಸಿದ ಕಲ್ಲಿನ ಮೇಲೆ ಬಾಗಿಸುತ್ತಿದ್ದ. ಬಾಗಿಸಿದ್ದನ್ನು ಇನ್ನೊಂದು ಮರದ ತುಂಡಿಗೆ ಬಿಗಿದು ಕಟ್ಟಿ, ಕತ್ತಲಿನ ಒಣ ಜಾಗದಲ್ಲಿ ಇಡುತ್ತಿದ್ದ. ಅವನಿಂದ ಬಿಲ್ವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಕಾಯಿಸು, ಬಾಗಿಸು, ಆರುವವರೆಗೆ ಬಿಗಿದಿಡು ಎಂಬ ಮೂರು ಹೆಜ್ಜೆಗಳಲ್ಲಿ ಇಂದಿಗೂ ಯಾವುದೂ ಬದಲಾಗಿಲ್ಲ. ಕಲ್ಲಿನ ಜಾಗಕ್ಕೆ ಹೀಟ್ ಗನ್ ಬಂದಿದೆ, ಅಷ್ಟೆ.

ಲಿಗ್ನಿನ್ ಎಷ್ಟು ಬಿಸಿಗೆ ಮೆತ್ತಗಾಗುತ್ತದೆ ಎಂಬುದು ಮರದಲ್ಲಿರುವ ತೇವದ ಮೇಲೆ ಹೋಗುತ್ತದೆ. ಹಸಿ ಮರದಲ್ಲಿ ನೀರು ಕುದಿಯುವ ಬಿಸಿಯೇ ಸಾಕು. ಒಣಗಿದ ಮರಕ್ಕೆ 100 ಡಿಗ್ರಿಗಿಂತ ಸಾಕಷ್ಟು ಮೇಲೆ ಹೋಗಬೇಕು. ಹಾಗಾಗಿ ದಾರಿ ಎರಡು: ಹಬೆ ಮತ್ತು ಒಣ ಬಿಸಿ. ಹಿಕರಿ, ಆ್ಯಶ್, ಎಲ್ಮ್‌ನಂಥ ಬಿಳಿ ಮರಗಳಿಗೆ, ಅದರಲ್ಲೂ ಇನ್ನೂ ಪೂರ್ತಿ ಒಣಗದಿದ್ದಾಗ, ಹಬೆ ಒಗ್ಗುತ್ತದೆ. ಒಣಗಿದ ಒಸೇಜ್‌ಗೆ ಒಣ ಬಿಸಿಯೇ ಲೇಸು. ಹಬೆಯಿಂದ ತೆಗೆದ ಮರ ನಿಮಿಷದೊಳಗೆ ಬಿಗಿಯತೊಡಗುತ್ತದೆ, ಅವಸರದಲ್ಲಿ ತಿರುವಬೇಕು. ಒಣ ಬಿಸಿಯಲ್ಲಿ ಕಾಯಿಸುತ್ತಲೇ ತಿರುವಬಹುದು, ನೋಡಬಹುದು, ನಿಲ್ಲಿಸಬಹುದು. ತಿರುಚು ತೆಗೆಯುವಂಥ ಅಳತೆಯ ಕೆಲಸಕ್ಕೆ ಈ ಸಾವಧಾನ ದೊಡ್ಡ ಅನುಕೂಲ.

ಬಿಸಿಗೆ ಹಿಡಿಯುವ ಮೊದಲು ಸೀಳು ಒಂದು ಹದಕ್ಕೆ ಬಂದಿರಬೇಕು. ಮರ ಕಡಿದ ದಿನವೇ ಎರಡೂ ಕೊನೆಗಳಿಗೆ ಮರಗೆಲಸದ ಬಿಳಿ ಅಂಟು ಅಥವಾ ವಾರ್ನಿಷ್ ದಪ್ಪವಾಗಿ ಬಳಿಯಬೇಕು. ಇಲ್ಲದಿದ್ದರೆ ಕೊನೆಗಳು ಬೇಗ ಒಣಗಿ ಬಿರಿಯುತ್ತವೆ. ಒಸೇಜ್‌ನಲ್ಲಿ ಹೊರಗಿನ ಬಿಳಿ ಭಾಗವನ್ನು ತೆಗೆದು, ಎರಡು ಹಿಡಿಯ ಎಳೆಗತ್ತಿಯಿಂದ ಹಳದಿ ಕೆಚ್ಚಿನ ಒಂದೇ ಒಂದು ವರ್ಷದ ಉಂಗುರವನ್ನು ಹಿಡಿದು ಬೆನ್ನನ್ನು ಬಿಡಿಸುವುದು ರೂಢಿ. ವಸಂತದಲ್ಲಿ ಬೆಳೆದ ಪದರ ಪೊಳ್ಳು; ಕತ್ತಿಗೆ ಗರಗರ ಸದ್ದು ಬರುತ್ತದೆ. ಬೇಸಿಗೆಯ ಪದರ ದಟ್ಟ. ಅದರ ಮೇಲೆ ಕತ್ತಿ ನುಣ್ಣಗೆ ಜಾರುತ್ತದೆ. ಸದ್ದು ಕೇಳಿಕೊಂಡೇ ಉಂಗುರ ಹಿಡಿಯುವವರಿದ್ದಾರೆ. ತಿರುಚಿದ ಸೀಳಿನಲ್ಲಿ ಈ ಉಂಗುರವೂ ಹೊರಳಿಕೊಂಡೇ ಹೋಗಿರುತ್ತದೆ. ಅದನ್ನು ಹಾಗೆಯೇ ಅನುಸರಿಸಬೇಕು, ಸಪಾಟು ಮಾಡಲು ಹೋಗಬಾರದು.

ಆಮೇಲೆ ತೋಳುಗಳನ್ನು ಬಿಲ್ಲಿನ ಅಳತೆಯ ಹತ್ತಿರಕ್ಕೆ ಇಳಿಸಿ. ದಪ್ಪ ಸುಮಾರು 2 ಸೆಂಟಿಮೀಟರ್, ಅಗಲ 4ಕ್ಕಿಂತ ತುಸು ಹೆಚ್ಚು ಇದ್ದರೆ ಸರಿ. ತುದಿಗಳನ್ನು ಮಾತ್ರ ಅಗಲವಾಗಿಯೇ ಬಿಡಿ. ಸನ್ನೆ ಕೋಲಿಗೆ ಹಿಡಿಯಲು ಜಾಗ ಬೇಕು. ಚಪ್ಪಟೆ ಪಟ್ಟಿಯೊಂದು ತಿರುಚಿಗೆ ಒಡ್ಡುವ ಪ್ರತಿರೋಧ ಹೆಚ್ಚುಕಡಿಮೆ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಅರ್ಧವಾದರೆ ಬೇಕಾಗುವ ಬಲ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 4 ಸೆಂಟಿಮೀಟರ್ ದಪ್ಪದ ಒರಟು ಸೀಳಿನೊಂದಿಗೆ ಗುದ್ದಾಡಿ, ಇದು ಬಗ್ಗುವ ಮರವಲ್ಲ ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು. ಹಿಡಿಯ ಭಾಗ ದಪ್ಪವಾಗಿಯೇ ಉಳಿಯುವುದರಿಂದ ಅಲ್ಲಿನ ತಿರುಚನ್ನು ಅಲ್ಲೇ ತೆಗೆಯುವ ಆಸೆ ಬಿಡಿ. ಅದನ್ನು ಎರಡು ತೋಳುಗಳಿಗೆ ಹಂಚಿ ತೆಗೆಯುವುದೇ ಸುಲಭ.

ಬೆನ್ನಿನಲ್ಲಿ, ಬದಿಗಳಲ್ಲಿ ಒಣ ಬಿರುಕುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತಿರುವುವಾಗ ಮೊದಲು ಬಾಯಿ ಬಿಡುವುದು ಅವೇ. ಕೂದಲೆಳೆಯ ಬಿರುಕಾದರೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಇಳಿಬಿಟ್ಟು, ಒಣಗಿದ ಮೇಲೆ ಮುಂದುವರಿಯಬಹುದು.

ಈಗ ಹಿಡಿಯನ್ನು ವೈಸ್‌ಗೆ ಬಿಗಿಯಿರಿ. ಕಚ್ಚುವ ಎರಡೂ ಕಡೆ ದಪ್ಪ ತೊಗಲು ಇಟ್ಟರೆ ಮರಕ್ಕೆ ಗಾಯವಾಗುವುದಿಲ್ಲ. ತೋಳಿನ ತುದಿಗೆ ಸನ್ನೆ ಬೇಕು: ದೊಡ್ಡ ಸ್ಕ್ರೂ ಸ್ಪ್ಯಾನರ್ ಆದೀತು. ಇಲ್ಲವೇ ಅರ್ಧ ಮೀಟರ್ ಉದ್ದದ ಎರಡು ಗಟ್ಟಿ ರೀಪುಗಳ ನಡುವೆ ತುದಿಯನ್ನು ಸಿಕ್ಕಿಸಿ, ಎರಡು ಬದಿಗೂ ಬೋಲ್ಟ್ ಹಾಕಿ ಬಿಗಿದರೆ ಇನ್ನೂ ಒಳ್ಳೆಯದು. ಸನ್ನೆಯ ಹೊರ ಕೊನೆಗೆ ಒಂದು ನೀರಿನ ಕ್ಯಾನ್ ತೂಗುಹಾಕಿ. ಕೈಯಿಂದ ಒತ್ತುವುದಕ್ಕಿಂತ ಇದು ಮೇಲು. ನೀರು ಹೆಚ್ಚು ಕಡಿಮೆ ಮಾಡಿ ಬಲವನ್ನು ಹೊಂದಿಸಿಕೊಳ್ಳಬಹುದು, ಒತ್ತಡ ಒಂದೇ ಸಮನಾಗಿ ಉಳಿಯುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. 4–5 ಲೀಟರಿನಿಂದ ಶುರು ಮಾಡಿ. ತೂಕ ತೋಳನ್ನು ಕೆಳಕ್ಕೂ ಬಾಗಿಸುತ್ತದೆ ಎಂಬುದನ್ನು ಮರೆಯಬೇಡಿ. ತುದಿಯ ಕೆಳಗೆ ಒಂದು ಮರದ ಅಡ್ಡೆಯನ್ನು ಆಸರೆಯಾಗಿ ಕೊಟ್ಟರೆ ತೋಳು ಬಾಗದೆ ಬರಿಯ ತಿರುವು ಮಾತ್ರ ಬೀಳುತ್ತದೆ. ಈ ಆಸರೆ ಕೊಡದೆ ತಿರುಚು ತೆಗೆದು, ಬದಲಿಗೆ ಹೊಸದೊಂದು ಡೊಂಕು ತಂದುಕೊಳ್ಳುವುದು ಸಾಮಾನ್ಯ.

ಕಾಯಿಸುವ ಭಾಗಕ್ಕೆ ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ. ಎಣ್ಣೆ ಬಿಸಿಯನ್ನು ಮೇಲ್ಮೈಯಲ್ಲಿ ಹರಡುತ್ತದೆ, ಮರ ಬೇಗ ಸೀಯದಂತೆ ನೋಡಿಕೊಳ್ಳುತ್ತದೆ. ಹೀಟ್ ಗನ್ನಿನ ಬಾಯಲ್ಲಿ ಗಾಳಿಯ ಬಿಸಿ 500 ಡಿಗ್ರಿಯನ್ನೂ ಮುಟ್ಟಬಲ್ಲದು. ಆದ್ದರಿಂದ ಅದನ್ನು 8–10 ಸೆಂಟಿಮೀಟರ್ ದೂರದಲ್ಲಿಟ್ಟು, ಒಂದು ಗೇಣಿನಷ್ಟು ಜಾಗದ ಮೇಲೆ ನಿಲ್ಲಿಸದೆ ಹಿಂದೆ ಮುಂದೆ ಆಡಿಸುತ್ತಿರಬೇಕು. ಹೀಟ್ ಗನ್ ಇಲ್ಲದವರು ಇದ್ದಿಲ ಕೆಂಡದ ಮೇಲೆ ಹಿಡಿಯಬಹುದು. ಜ್ವಾಲೆ ಮಾತ್ರ ತಾಗಬಾರದು. ಹೊಟ್ಟೆ ಮತ್ತು ಬದಿಗಳ ಕಡೆಯಿಂದಲೇ ಹೆಚ್ಚು ಕಾಯಿಸಿ. ಕುಗ್ಗುವ ಹೊಟ್ಟೆ ತುಸು ಕಂದಿದರೂ ನಡೆಯುತ್ತದೆ, ಹಿಗ್ಗುವ ಬೆನ್ನು ಸೀದರೆ ಪೆಡಸಾಗಿ ಬಿರಿಯುತ್ತದೆ. ಬೆನ್ನು ಬೆಚ್ಚಗಾಗಬೇಕಾದದ್ದು ಮರದ ಒಳಗಿನಿಂದ ದಾಟಿ ಬರುವ ಬಿಸಿಯಿಂದ. ಆ ಬಿಸಿ ದಾಟಲು ಹೊತ್ತು ಬೇಕು. ದಪ್ಪ ನೋಡಿಕೊಂಡು ಒಂದೊಂದು ಗೇಣಿಗೆ 10ರಿಂದ 20 ನಿಮಿಷ ಕೊಡಿ.

ಹದ ಬಂದದ್ದು ತಿಳಿಯುವುದು ಹೇಗೆ? ಬೆನ್ನಿನ ಕಡೆ ಬೆರಳಿಟ್ಟರೆ ಇಟ್ಟುಕೊಂಡಿರಲು ಆಗುವುದಿಲ್ಲ, ಹೊಟ್ಟೆಯ ಮೇಲೆ ಒದ್ದೆ ಬೆರಳಿನಿಂದ ನೀರು ಚಿಮುಕಿಸಿದರೆ ಚುರ್ ಎನ್ನುತ್ತದೆ. ಇವೆರಡಕ್ಕಿಂತ ನಂಬಬಹುದಾದದ್ದು ಸನ್ನೆಯೇ. ಮರ ತಣ್ಣಗಿರುವಾಗ ತೂಗುಹಾಕಿದ ಕ್ಯಾನ್ ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ. ಬಲ ಸಾಲದೇನೋ ಎಂದು ಕೈ ಹೋಗಿ ಒತ್ತಬೇಕೆನ್ನಿಸುತ್ತದೆ. ಒತ್ತಬೇಡಿ. ಲಿಗ್ನಿನ್ ಮೆತ್ತಗಾಗುತ್ತಿದ್ದಂತೆ ಕ್ಯಾನ್ ತಾನಾಗಿ ಬೆರಳಗಲ, ಬೆರಳಗಲ ಕೆಳಗಿಳಿಯತೊಡಗುತ್ತದೆ. ಒಂದು ಗೇಣು ಹೀಗೆ ಸಡಿಲಿಸಿದ ಮೇಲೆ ಗನ್ನನ್ನು ಮುಂದಿನ ಗೇಣಿಗೆ ಸರಿಸಿ. ತಿರುವು ಬೀಳುವುದು ಬಿಸಿಯಾದ ಜಾಗದಲ್ಲಿ ಮಾತ್ರ. ಇಡೀ 25 ಡಿಗ್ರಿಯನ್ನು ಒಂದೇ ಗೇಣಿನಲ್ಲಿ ತೆಗೆಯಲು ಹೋದರೆ ಅಲ್ಲಿನ ನಾರಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ, ಅದನ್ನೇ ನಾಲ್ಕು ಗೇಣಿಗೆ ಹಂಚಿದರೆ ಯಾವ ಜಾಗಕ್ಕೂ ಭಾರವಾಗುವುದಿಲ್ಲ. ಪೆನ್ಸಿಲಿನಲ್ಲಿ ಬರೆದುಕೊಂಡ ಓರೆಗಳು ಈಗ ಉಪಯೋಗಕ್ಕೆ ಬರುತ್ತವೆ: ಹೆಚ್ಚು ಹೊರಳಿದ ಕಡೆ ಹೆಚ್ಚು, ಕಡಿಮೆ ಇರುವ ಕಡೆ ಕಡಿಮೆ.

ಗಂಟು ಎದುರಾದರೆ ಅದನ್ನು ದಾಟಿಕೊಂಡು ಹೋಗಿ. ಗಂಟಿನ ಸುತ್ತ ನಾರು ಸುಳಿಯಾಗಿ ತಿರುಗಿರುತ್ತದೆ. ಅಲ್ಲಿ ಬಲ ಹಾಕಿದರೆ ಪದರ ಬಿಡುತ್ತದೆ. ಆ ಭಾಗದ ಪಾಲನ್ನು ಅದರ ಹಿಂದಿನ, ಮುಂದಿನ ಶುದ್ಧ ಮರದಲ್ಲಿ ತೆಗೆಯಿರಿ. ಕೆಲಸದ ನಡುವೆ ಚಿಟ್ ಎಂಬ ಸದ್ದು ಕೇಳಿದರೆ ಆ ಕ್ಷಣವೇ ತೂಕ ಇಳಿಸಿ. ಮರ ಇನ್ನೂ ಸಾಕಷ್ಟು ಕಾದಿಲ್ಲ, ಅಥವಾ ನಿಮ್ಮ ಬಲ ಹೆಚ್ಚಾಗಿದೆ ಎಂದರ್ಥ.

ರೀಪುಗಳು ಸಮವಾಗಿ ಕಂಡಲ್ಲಿಗೆ ನಿಲ್ಲಿಸಬಾರದು. ಬಿಗಿದದ್ದನ್ನು ಬಿಟ್ಟ ಮೇಲೆ ಮರ ತುಸು ಹಿಂದಕ್ಕೆ ಹೋಗುತ್ತದೆ. ಅದಕ್ಕಾಗಿ ಸಮದ ಗೆರೆಯನ್ನು 3ರಿಂದ 5 ಡಿಗ್ರಿ ದಾಟಿಸಿ, ಸನ್ನೆಯನ್ನು ಮೇಜಿಗೆ ಹಗ್ಗದಿಂದ ಕಟ್ಟಿ, ಬಿಸಿ ನಿಲ್ಲಿಸಿ. ಮುಟ್ಟಿದರೆ ಪೂರ್ತಿ ತಣ್ಣಗಿದೆ ಅನ್ನಿಸುವವರೆಗೆ ಬಿಚ್ಚಬೇಡಿ, ರಾತ್ರಿಯಿಡೀ ಬಿಟ್ಟರೆ ಮತ್ತೂ ವಾಸಿ. ಹೊರಗೆ ತಣಿದ ಮರ ಒಳಗೆ ಇನ್ನೂ ಬಿಸಿಯಿರುತ್ತದೆ. ಬೇಗ ತಣಿಯಲಿ ಎಂದು ನೀರು ಸುರಿದರೆ ಮೇಲ್ಮೈ ಬಿರಿಯುವ ಸಾಧ್ಯತೆಯಿದೆ. ಬಿಚ್ಚಿ ನೋಡಿದಾಗ ಇನ್ನೂ 5–6 ಡಿಗ್ರಿ ಉಳಿದಿದ್ದರೆ ಚಿಂತೆಯಿಲ್ಲ, ಅಷ್ಟು ತಿರುಚು ಇರುವ ಬಿಲ್ಲುಗಳು ಚೆನ್ನಾಗಿಯೇ ಬಾಣ ಬಿಡುತ್ತವೆ. ಹೆಚ್ಚು ಉಳಿದಿದ್ದರೆ ಇನ್ನೊಂದು ದಿನ ಇನ್ನೊಂದು ಸಲ ಮಾಡಿ. ಒಂದೇ ಜಾಗವನ್ನು ಪದೇ ಪದೇ ಸುಟ್ಟಷ್ಟೂ ಮರದ ಜೀವ ಹೋಗುತ್ತದೆ.

ಹಬೆಯ ದಾರಿ ಹಿಡಿಯುವವರಿಗೆ ನಾಲ್ಕು ಮಾತು. 2.5 ಸೆಂಟಿಮೀಟರ್ ದಪ್ಪಕ್ಕೆ ಒಂದು ಗಂಟೆ ಹಬೆ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಹಬೆಯ ಕೊಳವೆ ಅಥವಾ ಪೆಟ್ಟಿಗೆಗೆ ಹಬೆ ಹೊರಹೋಗಲು ಕಂಡಿ ಇರಲೇಬೇಕು. ಪೂರ್ತಿ ಮುಚ್ಚಿದರೆ ಒತ್ತಡ ಕಟ್ಟಿ ಸಿಡಿಯುತ್ತದೆ. ವೈಸ್, ಸನ್ನೆ, ಕ್ಲ್ಯಾಂಪುಗಳೆಲ್ಲ ಮೊದಲೇ ಅಣಿಯಾಗಿರಬೇಕು, ಕೈಗೆ ದಪ್ಪ ಗ್ಲೌಸ್ ಬೇಕು. ತಿರುವಿ ಬಿಗಿದ ಮೇಲೆ ಅದೇ ಬಿಗಿತದಲ್ಲಿ ಒಂದೆರಡು ವಾರ ಒಣಗಲು ಬಿಡಬೇಕು, ಏಕೆಂದರೆ ಹಬೆ ಮರಕ್ಕೆ ನೀರು ಕುಡಿಸಿರುತ್ತದೆ.

ಸೀಳಿನಲ್ಲಿ ತಿರುಚಿನ ಜೊತೆ ಪಕ್ಕದ ಡೊಂಕೂ, ಹಿಂದು ಮುಂದಿನ ಡೊಂಕೂ ಇರುವುದೇ ಹೆಚ್ಚು. ಮೊದಲು ತಿರುಚನ್ನೇ ತೆಗೆಯಿರಿ. ತಿರುಚಿದ ಮರದಲ್ಲಿ ಪಕ್ಕ ಯಾವುದು, ಬೆನ್ನು ಯಾವುದು ಎಂಬುದೇ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಪಕ್ಕದ ಡೊಂಕನ್ನು ಮೊದಲು ತಿದ್ದಿ ಆಮೇಲೆ ತಿರುಚು ತೆಗೆದರೆ, ತಿದ್ದಿದ ಡೊಂಕು ಇನ್ನೊಂದು ದಿಕ್ಕಿಗೆ ಹೊರಳಿ ನಿಲ್ಲುತ್ತದೆ. ತಿರುಚು ಹೋದ ಮೇಲೆ ಪಕ್ಕದ ಡೊಂಕು, ಕೊನೆಯಲ್ಲಿ ಬೆನ್ನು ಹೊಟ್ಟೆಯ ದಿಕ್ಕಿನದು.

ಆರಿದ ಮೇಲೆ

ಎಷ್ಟೋ ಬಿಲ್ಲುಗಳು ಮುರಿಯುವುದು ಇಲ್ಲಿಂದ ಮುಂದಿನ ಆತುರಕ್ಕೆ. ಒಣ ಬಿಸಿ ಮರದ ತೇವವನ್ನು ಓಡಿಸಿರುತ್ತದೆ. ಬಿಲ್ಲು ಬಾಗಬೇಕಾದರೆ ಮರದಲ್ಲಿ ಅದರ ಒಣ ತೂಕದ ಶೇಕಡಾ 8ರಿಂದ 10ರಷ್ಟು ತೇವ ಇರಬೇಕು. ಅದಕ್ಕಿಂತ ಬಹಳ ಒಣಗಿದರೆ ಬಾಗುವ ಬದಲು ಸಿಡಿಯುತ್ತದೆ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಕಾಯಿಸುವ ಮೊದಲು ಒಮ್ಮೆ ತೂಗಿ ಬರೆದಿಡಿ, ಕಾಯಿಸಿದ ಮೇಲೆ ದಿನಕ್ಕೊಮ್ಮೆ ತೂಗಿ. ಗಾಳಿಯ ತೇವವನ್ನು ಹೀರಿಕೊಂಡು ತೂಕ ದಿನದಿನಕ್ಕೂ ತುಸು ಏರುತ್ತದೆ. ಏರುವುದು ನಿಂತ ದಿನ ಮರ ಸಿದ್ಧ. ಇದಕ್ಕೆ ಕೆಲವು ದಿನ, ಒಮ್ಮೊಮ್ಮೆ ವಾರ ಹಿಡಿಯುತ್ತದೆ. ಅಷ್ಟರಲ್ಲಿ ರೀಪು ಇಟ್ಟು ಮತ್ತೆ ನೋಡಿ. ತಿರುಚು ಮರಳಿ ಬರುವುದಿದ್ದರೆ ಬಹುಮಟ್ಟಿಗೆ ಈ ದಿನಗಳಲ್ಲೇ ಬರುತ್ತದೆ.

ಆಮೇಲೆ ನೆಲಕ್ಕೆ ಊರಿ ಮೆಲ್ಲಗೆ ಬಾಗಿಸಿ ನೋಡುವುದು, ಹೊಟ್ಟೆಯ ಕಡೆಯಿಂದ ಅರದಲ್ಲಿ ಉಜ್ಜುತ್ತಾ ಎರಡೂ ತೋಳು ಸಮನಾಗಿ ಬಾಗುವಂತೆ ಮಾಡುವುದು ಎಂದಿನಂತೆಯೇ. ಹೆದೆ ಏರಿಸಿದಾಗ ಅದು ಹಿಡಿಯ ನಡುವಿನಿಂದ ಅರ್ಧ ಸೆಂಟಿಮೀಟರಿನಷ್ಟು ಸರಿದಿದ್ದರೆ ಮತ್ತೆ ಬಿಸಿಗೆ ಹೋಗಬೇಕಾಗಿಲ್ಲ. ಹೆದೆಯ ಕಚ್ಚುಗಳನ್ನು ಹೊಂದಿಸಿ, ಹಿಡಿಯ ಒಂದು ಬದಿಯನ್ನು ಸವರಿ ಸರಿಮಾಡಬಹುದು. ಮೊದಲ ಎಳೆತಗಳಿಗೆ ಕನ್ನಡಕ ಹಾಕಿಕೊಳ್ಳಿ, ಎದುರಿಗೆ ಪಕ್ಕಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಬಾಣ ಹೂಡದೆ ಹೆದೆ ಎಳೆದು ಬಿಡುವುದಂತೂ ಯಾವತ್ತೂ ಬೇಡ.

ಒಸೇಜ್ ನಮ್ಮಲ್ಲಿ ಸಿಗುವ ಮರವಲ್ಲ. ಆದರೆ ಅದರ ಬಳಗದ ಹಿಪ್ಪುನೇರಳೆ ರೇಷ್ಮೆ ಬೆಳೆಯುವ ಮೈಸೂರು ಸೀಮೆಯ ಉದ್ದಗಲಕ್ಕೂ ಇದೆ, ಅದೂ ಬಿಲ್ಲಿಗೆ ಒದಗುವ ಮರವೇ. ಪೊದೆಯಾಗಿ ಕತ್ತರಿಸದೆ ಮರವಾಗಿ ಬಿಟ್ಟ ಹಿಪ್ಪುನೇರಳೆ ತೋಟದ ಅಂಚಿನಲ್ಲೆಲ್ಲಾದರೂ ಉರುಳಿದ್ದರೆ, ಯಜಮಾನರನ್ನು ಕೇಳಿ ಒಂದು ಮೊಳದ ತುಂಡು ತನ್ನಿ. ಅದನ್ನು ಬೆಣೆ ಹೊಡೆದು ಸೀಳಿ, ಎರಡು ಬೆರಳು ದಪ್ಪಕ್ಕೆ ಇಳಿಸಿ, ಕೆಂಡಕ್ಕೆ ಹಿಡಿದು ತಿರುವಿ ನೋಡಿ. ಮರ ಯಾವಾಗ ಸಡಿಲುತ್ತದೆ, ಯಾವಾಗ ಸೀಯುತ್ತದೆ ಎಂಬುದು ಕೈಗೆ ತಿಳಿದ ಮೇಲೆ ಬಿಲ್ಲಿನ ಸೀಳಿಗೆ ಕೈ ಹಾಕಿ.